ಹತ್ತಿ ಮೂಟೆಯ ಹಿಂದೆ ಸ್ಪೀರೊಸ್

ಡಿಸೆಂಬರ್ 2, 1944, ಶನಿವಾರ

ರಜಾಯಿ ಹೊಲಿಯುವವಳಿಗೆ ದಿನಚರಿ ಬರೆಯುವ ಚಪಲವೇಕೆ ಎಂದು ನನ್ನ ಗಂಡ ಸ್ತಮಾತಿಸ್ ಇದ್ದಿದ್ದರೆ ನಗುತ್ತಿದ್ದ. ಅವನು ಅಲ್ಬೇನಿಯಾದ ಹಿಮದಲ್ಲಿ ಸತ್ತ ಮೇಲೆ ಈ ಮನೆಯಲ್ಲಿ ಮಾತಾಡಲು ಹತ್ತಿ ಮೂಟೆಗಳು ಬಿಟ್ಟರೆ ಯಾರೂ ಇಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತೇನೆ.

ಅಕ್ಟೋಬರಿನಲ್ಲಿ ಜರ್ಮನರು ಅಥೆನ್ಸ್ ಬಿಟ್ಟು ಹೋದಾಗ ನಮ್ಮ ಪಂಗ್ರಾತಿ ಬಡಾವಣೆಯೆಲ್ಲ ಕುಣಿಯಿತು. ನಾನೂ ಅಂಗಳದಲ್ಲಿ ನಿಂತು ಅತ್ತೆ. ಹಿಂದೆಯೇ ಇಂಗ್ಲಿಷರು ಬಂದರು, ಬಿಸ್ಕತ್ತು ಹಂಚಿದರು. ಈಗ ಅದೇ ಇಂಗ್ಲಿಷರು, ಜರ್ಮನರ ಮೇಲೆ ಬೆಟ್ಟ ಹತ್ತಿ ಕಾದಾಡಿದ ಎಲಾಸ್ ಪಡೆಯವರಿಗೆ ಬಂದೂಕು ಕೆಳಗಿಡಿ ಎನ್ನುತ್ತಿದ್ದಾರೆ. ಇವರು ಇಡುವುದಿಲ್ಲ ಎನ್ನುತ್ತಿದ್ದಾರೆ. ಒಬ್ಬರು ಅರಸನನ್ನು ಮರಳಿ ತರುತ್ತಾರಂತೆ, ಇನ್ನೊಬ್ಬರು ರಷ್ಯಾವನ್ನೇ ತರುತ್ತಾರಂತೆ. ನನಗೆ ಒಂದು ಮೂಟೆ ಒಣ ಹತ್ತಿ ತಂದುಕೊಡುವವರು ಯಾರೂ ಇಲ್ಲ.

ಇವತ್ತು ಸಂಜೆಯೂ ಆ ತುತ್ತೂರಿ ಹುಡುಗಿ ಶುರು ಮಾಡಿದಳು. ಹಿಂದಿನ ಬೀದಿಯ ನಿರಾಶ್ರಿತರ ಮನೆಯವಳು, ಯೋರ್ದಾನಾ. ಕತ್ತಲು ಕವಿಯುವ ಹೊತ್ತಿಗೆ ಸರಿಯಾಗಿ ಮಾಳಿಗೆ ಹತ್ತಿ, ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು ಬೆಟ್ಟದವರ ಸುದ್ದಿಯನ್ನು ಊರಿಗೆಲ್ಲ ಕೂಗುತ್ತಾಳೆ. ನಾಳೆ ದೊಡ್ಡ ಚೌಕದಲ್ಲಿ ಮೆರವಣಿಗೆ, ಎಲ್ಲರೂ ಬನ್ನಿ ಎಂದಳು. ನಾನು ಕಿಟಕಿ ಮುಚ್ಚಿದೆ. ಅವಳ ಕೂಗಿಗೆ ಹೊಲಿಗೆ ತಪ್ಪುತ್ತದೆ.

ನನ್ನ ತಮ್ಮ ಥನಾಸಿಸ್ ಪೊಲೀಸ್ ಪೇದೆ. ಅವನನ್ನು ನಾಳೆ ಎಲ್ಲಿ ನಿಲ್ಲಿಸುತ್ತಾರೋ.

ಡಿಸೆಂಬರ್ 3, ಭಾನುವಾರ

ಚೌಕದಲ್ಲಿ ಪೊಲೀಸರು ಗುಂಡು ಹಾರಿಸಿದ್ದಾರೆ. ಬರಿಗೈಯಲ್ಲಿ ಹೋದವರ ಮೇಲೆ. ಪಕ್ಕದ ಕೋಣೆಯ ಪೊಲಿಕ್ಸೆನಿ ಅಜ್ಜಿ ಎದೆ ಬಡಿದುಕೊಂಡು ಬಂದು ಹೇಳಿದಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: ಪೊಲೀಸರಲ್ಲಿ ಯಾರಿಗಾದರೂ ಏಟಾಯಿತಾ? ಅಜ್ಜಿ ನನ್ನ ಮುಖವನ್ನೇ ನೋಡಿದಳು.

ಡಿಸೆಂಬರ್ 5, ಮಂಗಳವಾರ

ದೇವರೇ, ಥನಾಸಿಸ್ ಬದುಕಿದ್ದಾನೆ! ಬೆಟ್ಟದವರು ಠಾಣೆಗೆ ಮುತ್ತಿಗೆ ಹಾಕಿದರಂತೆ. ಬ್ರೆಡ್ ಭಟ್ಟಿಯವನ ಅಂಗಿ ತೊಟ್ಟು, ಮೈಗೆಲ್ಲ ಹಿಟ್ಟು ಬಳಿದುಕೊಂಡು ಹಿತ್ತಿಲ ಗೋಡೆ ಹಾರಿ ಬಂದ. ಹಸಿದ ಊರಿನಲ್ಲಿ ಹಿಟ್ಟಿನ ಮನುಷ್ಯನನ್ನು ಕಂಡು ಜನ ಮೇಲೆ ಬೀಳಲಿಲ್ಲವಲ್ಲ, ಅದೇ ಪುಣ್ಯ.

"ಅಕ್ಕಾ, ನನ್ನನ್ನ ಎಲ್ಲಾದ್ರೂ ತುರುಕು," ಅಂದ. "ಸಿಕ್ಕಿದ್ರೆ ಹರಿದು ಹಾಕ್ತಾರೆ."

ಒಳಕೋಣೆಯ ಗೋಡೆಯಲ್ಲಿ ಹಳೆಯ ಒಲೆಯಿದ್ದ ಜಾಗವೊಂದು ಟೊಳ್ಳಾಗಿದೆ. ಜರ್ಮನರಿದ್ದಾಗ ಅಲ್ಲಿ ಅಜ್ಜಿಯ ಎಣ್ಣೆ ಡಬ್ಬಿ ಅಡಗಿಸಿದ್ದೆವು. ಮುಂದೆ ಹತ್ತಿ ಮೂಟೆ ಪೇರಿಸಿದರೆ ಗೋಡೆಯೇ ಕಾಣುವುದಿಲ್ಲ. ಎಡಗಡೆ ಕೆಳಗಿನ ಮೂಟೆಯೊಂದು ಮಾತ್ರ ಜಾರುತ್ತದೆ. ಅದನ್ನು ಎಳೆದು ಒಳಗೆ ತೂರಿಸಿ ಮತ್ತೆ ನೂಕಿದೆ. ನಾವಿಬ್ಬರೇ ಮಿಕ್ಕಿರುವುದು. ಅಮ್ಮ ಸಾಯುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದಳು.

ಅವನು ಮೊನ್ನೆ ಮೊನ್ನೆಯವರೆಗೂ ಪಾತ್ರಾಸ್ ಊರಿನ ಠಾಣೆಯಲ್ಲಿದ್ದವನು, ನಮ್ಮ ಬೀದಿಯವರಿಗೆ ಅವನ ಮುಖ ಗೊತ್ತಿಲ್ಲ. ಆಗಸ್ಟಿನಲ್ಲಿ ಒಮ್ಮೆ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದ, ಅಷ್ಟೇ. ಜರ್ಮನರು ಮಾರುಕಟ್ಟೆ ಚೌಕದಲ್ಲಿ ಗಂಡಸರನ್ನೆಲ್ಲ ಮಂಡಿಯೂರಿಸಿದ ದಿನ. ಮುಸುಕು ಹಾಕಿದವನೊಬ್ಬ ಬೆರಳು ತೋರಿಸಿದವರನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಥನಾಸಿಸ್ ಬರೀ ಕಾವಲಿಗಿದ್ದ. ನಿಲ್ಲು ಅಂದರು, ನಿಂತ. ಪೇದೆ ಇನ್ನೇನು ಮಾಡಬೇಕಿತ್ತು?

ಡಿಸೆಂಬರ್ 7, ಗುರುವಾರ

ಬೆಟ್ಟದವರ ಕಡೆಯ ಕಾವಲುಗಾರರಿಬ್ಬರು ಮನೆ ಹುಡುಕಲು ಬಂದರು. ಪರವಾಗಿಲ್ಲ, ಮರ್ಯಾದಸ್ಥರೇ, ಚಪ್ಪಲಿಯ ಕೆಸರು ಒರೆಸಿಕೊಂಡೇ ಒಳಗೆ ಬಂದರು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮೂಟೆಗಳು ಸೀನಿದವು.

ನಾನೇ ಮೂಟೆ ಸರಿಸಿದೆ. ಆ ಧೈರ್ಯ ಎಲ್ಲಿಂದ ಬಂತೋ.

"ನನ್ನ ಮೈದುನ ಕಣಪ್ಪ. ಚಳಿಜ್ವರ. ಬೆಚ್ಚಗಿರ್ಲಿ ಅಂತ ಹತ್ತಿ ಒಳಗೆ ಮಲಗಿಸಿದೀನಿ."

"ಎಲ್ಲಿಯವರು?"

"ಕೋರ್ಫು ದ್ವೀಪ."

"ಹೆಸರು?"

"ಸ್ಪೀರೊಸ್."

ದೊಡ್ಡವನು ನಕ್ಕ. "ಕೋರ್ಫು ಅಂದ್ಮೇಲೆ ಸ್ಪೀರೊಸ್ ಅಲ್ದೆ ಇನ್ನೇನಿರತ್ತೆ ಬಿಡಿ. ಅಲ್ಲಿ ಕತ್ತೆಗೂ ಅದೇ ಹೆಸರು." ಮತ್ತೆ ಗಂಭೀರವಾಗಿ, "ಹತ್ತಿ ದೂಳು ಎದೆಗೆ ಒಳ್ಳೇದಲ್ಲ ಅಮ್ಮಾ, ಹಾಸಿಗೆ ಮೇಲೆ ಮಲಗ್ಸಿ," ಅಂದು ಹೋದ.

ಹಾಗಾಗಿ ನನ್ನ ತಮ್ಮ ಈಗ ಹಾಸಿಗೆಯಲ್ಲಿದ್ದಾನೆ, ಗಡ್ಡ ಬಿಟ್ಟುಕೊಂಡು, ಸ್ಪೀರೊಸ್ ಆಗಿ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಪೊಲಿಕ್ಸೆನಿ ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಕಿವಿ ಮಾತ್ರ ಚುರುಕು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ.

ಡಿಸೆಂಬರ್ 9, ಶನಿವಾರ

ನನ್ನಂಥ ಮಂಕು ಇನ್ನೊಬ್ಬಳಿಲ್ಲ! ಅಜ್ಜಿ ಬೆಳಿಗ್ಗೆ ಕೇಳಿದಳು: "ಮಂಗಳವಾರಕ್ಕೆ ಏನ್ ಮಾಡ್ತೀಯೆ ಆಸಿಮಿನಾ?"

"ಮಂಗಳವಾರ ಏನು?"

"ಅಯ್ಯೋ ಪಾಪಿ, ಸಂತ ಸ್ಪಿರಿದೋನನ ದಿನ ಅಲ್ವೇನೆ? ನಿನ್ ಮೈದುನನ ಹೆಸರಿನ ಹಬ್ಬ. ಜ್ವರದ ಮನುಷ್ಯ, ಊರು ಬಿಟ್ಟು ಬಂದವನು. ಎಲ್ರನ್ನೂ ಕರ್ಕೊಂಡು ಬರ್ತೀನಿ ಇರು."

ಪಂಚಾಂಗ ನೋಡದೆ ಹೆಸರಿಟ್ಟವಳು ನಾನು. ಹುಟ್ಟಿದ ದಿನ ಯಾರಿಗೂ ನೆನಪಿರುವುದಿಲ್ಲ, ಆದರೆ ಹೆಸರಿನ ಸಂತನ ದಿನ ಯಾರೂ ಮರೆಯುವುದಿಲ್ಲ. ಕರೆಯದೇ ಬರುತ್ತಾರೆ. ಅವತ್ತು ಬಾಗಿಲು ಮುಚ್ಚುವವರು ಸೂತಕದವರು ಮಾತ್ರ. ಮುಚ್ಚಿದರೆ ಯಾಕೆಂದು ಕೇಳುತ್ತಾರೆ, ತೆರೆದರೆ ಬೀದಿಯೆಲ್ಲ ಬಂದು ಅವನ ಮುಖ ನೋಡುತ್ತದೆ. ಜರ್ಮನರು ಬಂದ ವರ್ಷದ ಬರಗಾಲದ ಚಳಿಗಾಲದಲ್ಲೂ, ಅವನು ಊರಲ್ಲಿಲ್ಲದಿದ್ದರೂ, ಥನಾಸಿಸನ ಹಬ್ಬಕ್ಕೆ ನಾನು ಬಾಗಿಲು ಹಾಕಿದವಳಲ್ಲ. ತಟ್ಟೆಯಲ್ಲಿ ನಾಲ್ಕು ಒಣದ್ರಾಕ್ಷಿ ಇಟ್ಟುಕೊಂಡು ಕೂತಿದ್ದೆ. ಈಗ ಕಳ್ಳ ಹೆಸರಿನ ಹಬ್ಬಕ್ಕೆ ತಟ್ಟೆ ಹಿಡಿಯಬೇಕು.

"ಆಂದ್ರೆಯಸ್ ಅಂದಿದ್ರೆ ಹಬ್ಬ ಹೋದ ತಿಂಗಳೇ ಮುಗಿದಿರ್ತಿತ್ತು," ಅಂತ ಹಾಸಿಗೆಯಿಂದ ಉಪದೇಶ ಬೇರೆ.

ಡಿಸೆಂಬರ್ 12, ಮಂಗಳವಾರ

ಹುಳಿಕಿತ್ತಳೆ ಸಿಪ್ಪೆಯ ಮುರಬ್ಬದ ಕೊನೆಯ ಡಬ್ಬಿ ತೆಗೆದೆ. ಸಕ್ಕರೆಯಿಲ್ಲದೆ ದ್ರಾಕ್ಷಿ ಪಾಕದಲ್ಲಿ ಮಾಡಿದ್ದು, ಕಪ್ಪಗೆ ತಾರಿನ ಹಾಗಿದೆ. ಕಿಟಕಿಗಳು ನಡುಗುತ್ತಿದ್ದವು, ಇಂಗ್ಲಿಷರ ಫಿರಂಗಿ ಎಲ್ಲೋ ಹತ್ತಿರದಲ್ಲೇ. ಆದರೂ ಜನ ಬಂದರು! ಗೋಡೆಗೆ ಅಂಟಿಕೊಂಡು, ಬಗ್ಗಿ ಓಡಿ, ತಲೆ ಬಾಚಿಕೊಂಡು ಬಂದರು. ಎಂಥ ಜನ ನಾವು.

ಅಜ್ಜಿ ಅವನ ಕೆನ್ನೆ ಸವರಿ, "ನೂರು ವರ್ಷ ಬಾಳಪ್ಪ ಸ್ಪೀರೊಸ್," ಅಂದಳು. ಅವನು ಕೆಮ್ಮಿ ತಲೆಯಾಡಿಸಿದ. ಯಾರೋ ಪಿರೇಯಸ್ ಬಂದರಿನ ಸುದ್ದಿ ತೆಗೆದರು, ಇಂಗ್ಲಿಷರು ಹಿಂದುಸ್ತಾನದ ಸಿಪಾಯಿಗಳನ್ನೂ ಇಳಿಸಿದ್ದಾರಂತೆ. "ಪಾಪ, ಅವರ ತಲೆ ಮೇಲೂ ಅದೇ ಇಂಗ್ಲಿಷಿನವನು ಕೂತಿದಾನೆ, ನಮ್ ತಲೆ ಮೇಲೆ ಕೂರ್ಸೋಕೆ ಅವರನ್ನೇ ಕರ್ಕೊಂಡ್ ಬಂದಿದಾನೆ," ಅಂದಳು ಅಜ್ಜಿ.

ಆಗ ಬಂದವಳು ತುತ್ತೂರಿ ಹುಡುಗಿ. ತೋಳಿಗೆ ಬೆಟ್ಟದವರ ಪಟ್ಟಿ. ಆಗಸ್ಟಿನಲ್ಲಿ ಚೌಕದ ಗೋಡೆಗೆ ನಿಲ್ಲಿಸಿದವರಲ್ಲಿ ಅವಳಣ್ಣನೂ ಇದ್ದ, ಅವಳು ಅಲ್ಲೇ ನಿಂತು ಎಲ್ಲ ನೋಡಿದ್ದಳು. ಅವಳು ಹಾಸಿಗೆಯ ಕಡೆ ನೋಡಿದಳು. ನೋಡುತ್ತಲೇ ಇದ್ದಳು. ಅವನು ಗೋಡೆಗೆ ತಿರುಗಿದ. ಅವಳಿಗೆ ಗೊತ್ತಾಯಿತು. ತಟ್ಟೆ ಹಿಡಿದು ಅವಳ ಮುಂದೆ ನಿಂತೆ. ಲೋಟಗಳು ಟಿಣಟಿಣ ಅನ್ನುತ್ತಿದ್ದವು, ಅದು ಫಿರಂಗಿಯಿಂದಲ್ಲ.

ಅವಳು ಒಂದು ಚಮಚ ಮುರಬ್ಬ ತಿಂದಳು. ಮೇಲೆ ನೀರು ಕುಡಿದಳು. ಲೋಟ ಇಟ್ಟು, "ನೂರು ವರ್ಷ ಬಾಳಿ, ಸ್ಪೀರೊಸಣ್ಣ," ಅಂದಳು. ಬಾಗಿಲ ಹತ್ತಿರ ಹೋಗಿ ತಿರುಗಿ, "ನಿಮ್ ನಿಜವಾದ ಹಬ್ಬಾನೂ ಬರ್ಲಿ, ಅದನ್ನೂ ನೋಡೋ ಹಾಗಾಗ್ಲಿ," ಅಂದು ಹೋದಳು.

"ಇದೆಂಥ ಹಾರೈಕೆಯೋ," ಅಂದಳು ಅಜ್ಜಿ. "ಅವರ ಕಡೆ ಹಾಗನ್ತಾರೇನೋ."

ಈಗ ಕಾಯುತ್ತಿದ್ದೇನೆ. ಯಾವ ಗಳಿಗೆಯಲ್ಲಿ ಬರುತ್ತಾರೋ.

ಡಿಸೆಂಬರ್ 13

ಯಾರೂ ಬರಲಿಲ್ಲ.

ಡಿಸೆಂಬರ್ 14

ಇವತ್ತೂ ಇಲ್ಲ. ಸಂಜೆ ತುತ್ತೂರಿ ಕೂಗಿತು. ಕಿಟಕಿ ತೆರೆದು, ಎಲ್ಲಿ ನಮ್ಮ ಮನೆಯ ಹೆಸರು ಬರುತ್ತದೋ ಎಂದು ಕೊನೆಯವರೆಗೂ ಕೇಳಿದೆ. ಬರಲಿಲ್ಲ.

ಡಿಸೆಂಬರ್ 21, ಗುರುವಾರ

ವಿಮಾನಗಳು ಮಾಳಿಗೆಗಳ ಮೇಲೇ ಗುಂಡು ಸುರಿಯುತ್ತವೆ. ಇಂಗ್ಲಿಷರ ವಿಮಾನಗಳು. ಜರ್ಮನರ ಕಾಲದಲ್ಲಿ ಇವೇ ಬರಲೆಂದು ಹರಕೆ ಹೊತ್ತಿದ್ದೆವು. ನಲ್ಲಿಯ ಹತ್ತಿರ ನೀರು ಹಿಡಿಯಲು ನಿಂತಿದ್ದ ಮೂಲೆಮನೆಯ ಹೆಂಗಸು ಬಿಂದಿಗೆಯ ಜೊತೆಗೇ ಬಿದ್ದಳು.

ಯೋರ್ದಾನಾ ಸಾರ್ವಜನಿಕ ಅಡುಗೆಮನೆಯಿಂದ ಕಾಳಿನ ಗಂಜಿ ತಂದುಕೊಟ್ಟು ಹೋಗುತ್ತಾಳೆ. ಎರಡು ಸೌಟು, ಒಂದು ನನಗೆ, ಒಂದು ಜ್ವರದವರಿಗೆ. ಇವತ್ತು ಅಂಗಳದಲ್ಲಿ ತಡೆದು ಕೇಳಿಯೇಬಿಟ್ಟೆ.

"ನಿನಗೆ ಗೊತ್ತಲ್ವಾ ಹುಡುಗಿ?"

"ಗೊತ್ತು."

"ಮತ್ತೆ ಯಾಕೆ?"

ಅವಳಿಗೆ ಸಿಟ್ಟು ಬಂತು. "ಅನುಮಾನ ಇತ್ತು, ಅವನೇ ಆದ್ರೆ ಹೇಳೋಣ ಅಂತಾನೇ ಬಂದಿದ್ದೆ ಆಸಿಮಿನಕ್ಕಾ. ಹೊರಗಡೆ ನಮ್ಮವರು ಇಬ್ರು ನಿಂತಿದ್ರು. ನೀವು ತಟ್ಟೆ ಹಿಡ್ಕೊಂಡು ಬಂದ್ರಿ. ಹಬ್ಬದ ಮನೇಲಿ ಸಿಹಿ ತಿಂದು, ಅದೇ ಬಾಯಲ್ಲಿ ಹೆಂಗ್ ಹೇಳ್ಲಿ? ನಮ್ಮಮ್ಮ ನನ್ನನ್ನ ಹಾಗೆ ಬೆಳ್ಸಿಲ್ಲ." ಪಾತ್ರೆ ಕಿತ್ತುಕೊಂಡು ಹೋದಳು.

ಒಳಗೆ ಬಂದು ಇದನ್ನು ಥನಾಸಿಸನಿಗೆ ಹೇಳಿದೆ. ಅವನು ಗಂಜಿಯಲ್ಲಿ ಉಪ್ಪಿಲ್ಲ ಅಂದ.

ಡಿಸೆಂಬರ್ 25

ಕ್ರಿಸ್ತ ಹುಟ್ಟಿದ. ಅವನಿಗಾದರೂ ಬೆಚ್ಚಗಿನ ಕೊಟ್ಟಿಗೆಯಿತ್ತು. ಬೀದಿಯ ತಡೆಗೋಡೆಗೆಂದು ಎರಡು ಹತ್ತಿ ಮೂಟೆ ಕೊಟ್ಟೆ. ಬಹಳ ಕೇಳಿದರು, ಇಲ್ಲ ಎನ್ನಲಾಗಲಿಲ್ಲ. ಹತ್ತಿಯೊಳಗೆ ಗುಂಡು ನಿಲ್ಲುತ್ತದಂತೆ.

ಡಿಸೆಂಬರ್ 29, ಶುಕ್ರವಾರ

ಇಂಗ್ಲಿಷರ ಟ್ಯಾಂಕುಗಳು ನಮ್ಮ ಬೀದಿಗೆ ಬಂದವು. ತಡೆಗೋಡೆಯನ್ನು ಹಪ್ಪಳದಂತೆ ಮುರಿದು ಹತ್ತಿ ಚೆಲ್ಲಾಡಿದವು. ಬೆಟ್ಟದವರು ರಾತ್ರಿಯೇ ಬಿಟ್ಟುಹೋಗಿದ್ದರು.

ಥನಾಸಿಸ್ ಗಡ್ಡ ಹೆರೆದ. ಸ್ತಮಾತಿಸನ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. "ಈ ಬೀದಿಯವರ ಮುಖ ಒಂದೊಂದೂ ನೆನಪಿದೆ ನನಗೆ," ಅಂದ. ಇಷ್ಟು ದಿನ ಅವರ ಗಂಜಿ ಕುಡಿದದ್ದು ನೆನಪಿದೆಯಾ ಅಂದೆ. "ಅಕ್ಕಾ, ನಿನಗೆ ಇವೆಲ್ಲ ಅರ್ಥ ಆಗಲ್ಲ," ಅಂದು ಹಣೆಗೆ ಮುತ್ತಿಟ್ಟು ಹೋದ.

ಉಳಿದನಲ್ಲ, ಅದೇ ದೊಡ್ಡದು. ಅಮ್ಮನಿಗೆ ಕೊಟ್ಟ ಮಾತು ಉಳಿಯಿತು. ಸಂಜೆ ಯಾಕೋ ಹೊಲಿಗೆ ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಮಾಳಿಗೆಗಳ ಮೇಲೆ ಸದ್ದೇ ಇಲ್ಲ.

ಜನವರಿ 2, 1945, ಮಂಗಳವಾರ

ಯೋರ್ದಾನಾ ಹಿತ್ತಿಲಲ್ಲಿ ಸೌದೆಯ ಹಿಂದೆ ಮುದುರಿಕೊಂಡಿದ್ದಳು. ಕಾಲಿಗೆ ಗುಂಡಿನ ಚೂರು ಬಡಿದು ಊದಿಕೊಂಡಿದೆ, ತನ್ನವರ ಜೊತೆ ಹೋಗಲಾಗಿಲ್ಲ. ಇಂಗ್ಲಿಷರೂ ಪೊಲೀಸರೂ ಬೆಟ್ಟದ ಕಡೆಯವರನ್ನು ಮನೆಮನೆ ಹುಡುಕಿ ಲಾರಿಗೆ ತುಂಬುತ್ತಿದ್ದಾರೆ. ಸಿಕ್ಕವರನ್ನು ಹಡಗು ಹತ್ತಿಸಿ ಯಾವುದೋ ಮರಳುಗಾಡಿಗೆ ಕಳಿಸುತ್ತಾರಂತೆ, ಕೆಲವರು ಬೀದಿಯಲ್ಲೇ ಮುಗಿಯುತ್ತಾರಂತೆ.

"ಒಂದ್ ರಾತ್ರಿ ಇರ್ಲಾ ಆಸಿಮಿನಕ್ಕಾ?"

"ಬಾಯಿ ಮುಚ್ಕೊಂಡು ಒಳಗೆ ನಡಿ. ಊರಿಗೆಲ್ಲ ಕೂಗಿದ್ದು ಸಾಕು," ಅಂದೆ.

ಎಡಗಡೆಯ ಮೂಟೆ ಎಳೆದು ಒಳಗೆ ಕೂರಿಸಿದೆ. ಈ ಜಾಗ ಥನಾಸಿಸನಿಗೆ ಗೊತ್ತು. ಯೋಚಿಸಿದೆ, ಬಹಳ ಯೋಚಿಸಿದೆ. ಗೊತ್ತಿರುವುದೇ ಒಳ್ಳೆಯದು. ತಾನು ಜೀವ ಉಳಿಸಿಕೊಂಡ ಜಾಗಕ್ಕೆ ಅವನು ಬೇರೆಯವರ ಕೈ ಹಾಕಿಸುವುದಿಲ್ಲ. ಒಡಹುಟ್ಟಿದವನನ್ನು ನಾನು ಅರಿಯೆನೇ?

ಜನವರಿ 5, ಶುಕ್ರವಾರ

ಬೆಟ್ಟದವರು ಅಥೆನ್ಸನ್ನೇ ಬಿಟ್ಟು ಹೋದರಂತೆ. ಹೋಗುವಾಗ ಒತ್ತೆಯಾಳುಗಳನ್ನು ಹಿಮದಲ್ಲಿ ಬರಿಗಾಲಲ್ಲಿ ನಡೆಸಿಕೊಂಡು ಹೋಗಿದ್ದಾರೆ, ಮುದುಕರನ್ನೂ. ಯೋರ್ದಾನಾಳಿಗೆ ಹೇಳಿದೆ. ಸುಳ್ಳು ಅಂದಳು. ಸ್ವಲ್ಪ ಹೊತ್ತಿನ ಮೇಲೆ ಮೂಟೆಯ ಹಿಂದಿನಿಂದ ಅಳು ಕೇಳಿಸಿತು.

ನಮ್ಮ ಹುಡುಗಿಗೆ ಜ್ವರ. ಈಗ ನಿಜವಾದ ಜ್ವರ. ಎಲೆಕೋಸಿನ ಎಲೆ ಬಿಸಿ ಮಾಡಿ ಕಾಲಿಗೆ ಕಟ್ಟಿದ್ದೇನೆ. ಬಾಗಿಲು ತಟ್ಟುವ ಸದ್ದಾದರೆ ಇಬ್ಬರೂ ಉಸಿರು ಹಿಡಿಯುತ್ತೇವೆ, ಅದು ಅಜ್ಜಿಯ ಕೋಲಾದರೂ ಸರಿ.

ಜನವರಿ 6, ಶನಿವಾರ

ಇವತ್ತು ನೀರು ಪವಿತ್ರ ಮಾಡುವ ಹಬ್ಬ, ಕ್ರಿಸ್ತ ಯೋರ್ದಾನ್ ನದಿಗೆ ಇಳಿದ ದಿನ. ಅವಳ ಹೆಸರಿನ ಹಬ್ಬ.

ವರ್ಷಕ್ಕೊಂದು ದಿನ. ಒಂದು ಚಮಚ ಸಿಹಿ ಕೊಡದೆ ಹೇಗಿರಲಿ? ಡಬ್ಬಿ ಕೆರೆದು ತಟ್ಟೆಗೆ ಹಾಕಿದೆ. ಎರಡು ಚಮಚ, ಎರಡು ಲೋಟ ನೀರು. ಮೂಟೆ ಎಳೆಯಬೇಕು ಅನ್ನುವಷ್ಟರಲ್ಲಿ ಥನಾಸಿಸ್ ಬಂದ. ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಹಬ್ಬದ ದಿನ ಹಾಕಿ ಅಭ್ಯಾಸವಿಲ್ಲದ ಕೈ.

ಹೊಸ ಸಮವಸ್ತ್ರ, ಇಂಗ್ಲಿಷರ ಬೂಟು. ತಟ್ಟೆ ನೋಡಿದ.

"ಯಾರ ಹಬ್ಬ ಅಕ್ಕಾ?"

"ದೇವರ ಹಬ್ಬ. ಅಜ್ಜಿ ಬರ್ತಾಳೆ."

"ಅಜ್ಜಿ ಚರ್ಚಿನಲ್ಲಿ ನೀರಿಗೆ ನಿಂತಿದಾಳೆ, ಈಗ ನೋಡ್ಕೊಂಡೇ ಬಂದೆ." ಒಳಕೋಣೆಯ ಕಡೆ ಕಣ್ಣು ಹಾಯಿಸಿದ. ಅಲ್ಲಿಂದ ಒಂದು ಸಣ್ಣ ಸದ್ದು. ಈ ಹಾಳು ಹತ್ತಿ ಯಾರನ್ನೂ ಸುಮ್ಮನೆ ಇರಗೊಡುವುದಿಲ್ಲ.

ಅವನು ಕುರ್ಚಿ ಎಳೆದು ಕೂತ. ಒಂದು ಚಮಚ ಬಾಯಿಗಿಟ್ಟುಕೊಂಡ, ನಿಧಾನವಾಗಿ ಅಗಿದ, ನೀರು ಕುಡಿದ. ಎದ್ದು, ಕೋಣೆಗೆ ಕೇಳುವಂತೆ, "ಯಾರ ಹಬ್ಬವೋ ಅವರು ನೂರು ವರ್ಷ ಬಾಳ್ಲಿ," ಅಂದ. ನನ್ನ ಹಣೆಗೆ ಮುತ್ತಿಟ್ಟು ಹೋದ.

ಅವನು ಮರೆತಿಲ್ಲ! ಅವಳು ಹೇಳಿದ ಮಾತನ್ನೇ ತಿರುಗಿ ಹೇಳಿದ. ಯೋರ್ದಾನಾಳನ್ನು ತಬ್ಬಿಕೊಂಡು ಅತ್ತೆ. ಅವಳು ಅಳಲಿಲ್ಲ, "ನಾನು ಇವತ್ತೇ ಹೋಗ್ತೀನಿ," ಅಂತ ಹಟ ಹಿಡಿದಳು. ಈ ಕಾಲಲ್ಲಿ ಎಲ್ಲಿಗೆ? ನಾನು ಬಿಡಲಿಲ್ಲ. "ನಮ್ಮ ಮನೆ ಸಿಹಿ ತಿಂದಿದಾನೆ. ಅವನು ನನ್ನ ತಮ್ಮ," ಅಂದೆ.

ಜನವರಿ 7, ಭಾನುವಾರ

ಮೂವರು ಬಂದರು. ಥನಾಸಿಸ್ ಇರಲಿಲ್ಲ. ಹಾಸಿಗೆಯ ಕೆಳಗೆ ನೋಡಲಿಲ್ಲ. ಅಡುಗೆಮನೆ ನೋಡಲಿಲ್ಲ. ನೇರ ಒಳಕೋಣೆಗೆ ಹೋಗಿ ಎಡಗಡೆ ಕೆಳಗಿನ ಮೂಟೆ ಎಳೆದರು.

ಜನವರಿ 12

ಒಪ್ಪಂದವಾಗಿದೆಯಂತೆ, ಇನ್ನು ಗುಂಡು ಹಾರುವುದಿಲ್ಲವಂತೆ. ಅಜ್ಜಿ ಬಂದು ಹೇಳಿದಳು. ಹೊಲಿಗೆ ಮುಟ್ಟಿಲ್ಲ.

ಜನವರಿ 15, ಸೋಮವಾರ

ಬದುಕಿದ್ದಾಳೆ. ಹೆಂಗಸರ ಸೆರೆಮನೆಯಲ್ಲಿದ್ದಾಳೆ. ಕಬ್ಬಿಣದ ಬಾಗಿಲ ಮುಂದೆ ಬೆಳಗಿನಿಂದ ಸಾಲಿನಲ್ಲಿ ನಿಂತೆ. ಕಾವಲಿನವನು, "ನಿಮಗೇನಾಗ್ಬೇಕು ಅವಳು?" ಅಂದ. "ತಂಗಿ," ಅಂದೆ. ಹೀಗೆ ಸುಳ್ಳು ಹೇಳುವುದು ನನಗೆ ಈಗ ನೀರು ಕುಡಿದಷ್ಟು ಸುಲಭ. ನನ್ನ ಹಾಸಿಗೆಯ ರಜಾಯಿಯನ್ನೇ ಒಳಗೆ ಕಳಿಸಿದೆ.

ಹೊರಡುವ ಹೊತ್ತಿಗೆ ಕತ್ತಲಾಗುತ್ತಿತ್ತು. ಸಾಲಿನಲ್ಲಿದ್ದ ಹೆಂಗಸರು ಗೋಡೆಯಾಚೆಗೆ ತಮ್ಮ ತಮ್ಮವರ ಹೆಸರು ಕೂಗಿದರು. ನಾನೂ ಎರಡು ಕೈ ಬಾಯಿಗೆ ತುತ್ತೂರಿ ಮಾಡಿಕೊಂಡು ಕೂಗಿದೆ. ಗಂಟಲು ಇನ್ನೂ ನೋಯುತ್ತಿದೆ.

ಜನವರಿ 18, ಗುರುವಾರ

ಸಂತ ಅಥನಾಸಿಯೋಸನ ದಿನ. ಬೆಳಿಗ್ಗೆಯಿಂದ ಮಳೆ. ಒಲೆ ಹಚ್ಚಿಲ್ಲ, ತಟ್ಟೆ ತೆಗೆದಿಲ್ಲ. ಅಗಳಿ ಹಾಕಿ ಕೂತೆ.

ಮಧ್ಯಾಹ್ನ ಬಾಗಿಲು ತಟ್ಟಿದ.

"ಅಕ್ಕಾ, ನಾನು ಥನಾಸಿಸ್. ಬಾಗಿಲು ಯಾಕೆ ಹಾಕಿದೀಯ? ಇವತ್ತು ನನ್ನ ಹಬ್ಬ. ಸಕ್ಕರೆ ತಂದಿದೀನಿ, ನಿಜವಾದ ಸಕ್ಕರೆ."

ಕೂತಲ್ಲಿಂದಲೇ ಅಗಳಿಯ ಕಡೆ ನೋಡಿದೆ.

"ಆ ವಿಷಯಕ್ಕಾ? ನಾನೇ ಬಂದು ಎಳ್ಕೊಂಡು ಹೋದ್ನಾ? ಕೇಳಿದ್ರು, ಹೇಳ್ದೆ. ಪೇದೆ ಇನ್ನೇನ್ ಮಾಡ್ಬೇಕಿತ್ತು?"

ಆ ಮಾತನ್ನು ಮೊದಲು ಎಲ್ಲಿ ಕೇಳಿದ್ದೆ ಎಂದು ಹೊಳೆಯಲಿಲ್ಲ.

"ಅಕ್ಕಾ, ನಾವಿಬ್ರೇ ಅಲ್ವಾ ಇರೋದು? ಒಂದ್ ಚಮಚ ಸಿಹಿ ಕೊಡು, ಹೋಗ್ತೀನಿ."

ಬಾಗಿಲ ಹತ್ತಿರ ಹೋದೆ. ಹಲಗೆಗೆ ಕೈ ಇಟ್ಟೆ. ಆಚೆಯಿಂದ ಅವನ ಉಸಿರು ಕೇಳುತ್ತಿತ್ತು, ಚಿಕ್ಕಂದಿನಲ್ಲಿ ಅತ್ತಾಗ ಬಿಡುತ್ತಿದ್ದ ಹಾಗೆಯೇ.

"ಈ ಮನೇಲಿ ಸ್ಪೀರೊಸ್ ಅಂತ ಒಬ್ಬ ಇದ್ದ," ಅಂದೆ. "ಅವನ ಹಬ್ಬ ಡಿಸೆಂಬರಿನಲ್ಲೇ ಆಗೋಯ್ತು. ಇವತ್ತು ಇಲ್ಲಿ ಯಾರ ಹಬ್ಬಾನೂ ಇಲ್ಲ."

ಮೆಟ್ಟಿಲ ಮೇಲೆ ಏನೋ ಇಟ್ಟ ಸದ್ದಾಯಿತು. ಆಮೇಲೆ ಬೂಟಿನ ಸದ್ದು ಅಂಗಳ ದಾಟಿ ಹೋಯಿತು.

ಕಿಟಕಿಯಿಂದ ನೋಡಿದೆ. ಸಕ್ಕರೆಯ ಚೀಲ ಮೆಟ್ಟಿಲ ಮೇಲಿದೆ. ನಾಲ್ಕು ವರ್ಷದಿಂದ ಇಷ್ಟು ಸಕ್ಕರೆ ಕಂಡಿಲ್ಲ. ಚೀಲ ನೆನೆದು ಅಂಚಿನಿಂದ ಸಕ್ಕರೆ ಕರಗಿ ಇಳಿಯುತ್ತಿದೆ. ಅಜ್ಜಿ ತನ್ನ ಬಾಗಿಲಲ್ಲಿ ನಿಂತು, "ಆಸಿಮಿನಾ, ಮಳೇಲಿ ಏನೋ ಹಾಳಾಗ್ತಿದೆಯೇ, ಒಳಗೆ ತಗೊಳ್ಳೇ," ಎಂದು ಕೂಗುತ್ತಿದ್ದಾಳೆ.

ಕೇಳಿಸುತ್ತಿದೆ. ತೆಗೆದುಕೊಳ್ಳುವುದಿಲ್ಲ.